ಹೊಸ ಫೋನು, ಬಾಯಿಗೆ ಬಾರದ ಹೆಸರು

ಗುರುಮಲ್ಲಮ್ಮನ ಹಳೆಯ ಬಟನ್ ಫೋನು ಎಮ್ಮೆಯ ಕಲಗಚ್ಚಿನ ಬಾನಿಗೆ ಬಿದ್ದು ಪ್ರಾಣ ಬಿಟ್ಟಿತು. ಆ ಫೋನಿನಲ್ಲಿ ಎರಡನೇ ಗುಂಡಿಯನ್ನು ಒತ್ತಿ ಹಿಡಿದರೆ ಸಾಕು, ಗಂಡ ಎಲ್ಲಿದ್ದರೂ 'ಅಲೋ' ಅನ್ನುತ್ತಿದ್ದರು. ಮೂರನೆಯದನ್ನು ಒತ್ತಿದರೆ ಮಗಳು ದೀಪಶ್ರೀ. ಮಿಕ್ಕ ಗುಂಡಿಗಳ ಗೋಜಿಗೆ ಅವಳು ಹೋದವಳೇ ಅಲ್ಲ. ಓದು ಬರಹ ಬಾರದ ಹೆಂಗಸಿಗೆ ಫೋನೆಂದರೆ ಇನ್ನೆಷ್ಟಿರಬೇಕು? ಬಾನಿಯಿಂದ ಎತ್ತಿ ಒರೆಸಿ, ಅಕ್ಕಿ ಡಬ್ಬದಲ್ಲಿ ಹೂತು, ಬಿಸಿಲಿಗಿಟ್ಟು, ಕೊನೆಗೆ ಒಲೆಯ ಪಕ್ಕವೂ ಇಟ್ಟು ನೋಡಿದಳು. ಅದು ಜಪ್ಪಯ್ಯ ಅನ್ನಲಿಲ್ಲ.

ಇನ್ನೊಂದು ಅಂಥದೇ ಫೋನು ತಂದುಕೊಟ್ಟಿದ್ದರೆ ಅವಳ ಪಾಡಿಗೆ ಅವಳು ಇರುತ್ತಿದ್ದಳು. ಆದರೆ ದೀಪಶ್ರೀ ಬಿಡಬೇಕಲ್ಲ. ಅವಳು ಯಳಂದೂರಿನ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸದವಳು, ಮದುವೆಯಾಗಿ ಅಲ್ಲೇ ಮನೆ ಮಾಡಿದ್ದಾಳೆ. ವಿಡಿಯೋದಲ್ಲಿ ಅಪ್ಪನ ಮುಖ ದಿನಾ ಕಣ್ಣಿಗೆ ಬೀಳಬೇಕು ಎಂದು ಹಟ ಹಿಡಿದಳು. ಹಟಕ್ಕೆ ಕಾರಣವೂ ಇತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ. ತಿಂಡಿಗೆ ಮೊದಲು ನುಂಗಬೇಕಾದ ಮಾತ್ರೆಯನ್ನು ಅವರು ತಪ್ಪದೆ ನುಂಗುತ್ತಾರೆ, ತಿಂಡಿಯನ್ನು ಮಾತ್ರ ತಪ್ಪಿಸುತ್ತಾರೆ. ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ಏನನ್ನೂ ಹಾಕುವವರಲ್ಲ. ಅಷ್ಟರಲ್ಲಿ ಮೋಟರಿಗೆ ತ್ರೀ ಫೇಸ್ ಕರೆಂಟು ಬಂತೆಂದರೆ ಪೂಜೆಯನ್ನೂ ತಿಂಡಿಯನ್ನೂ ಮುಂದಕ್ಕೆ ಹಾಕಿ ನೀರು ತಿರುಗಿಸಲು ಓಡುತ್ತಾರೆ. ಕಳೆದ ಸುಗ್ಗಿಯಲ್ಲಿ ಹೀಗೇ ಓಡಿ, ಸಕ್ಕರೆ ಇಳಿದು, ಬದುವಿನ ಮೇಲೆ ಕುಸಿದು ಬಿದ್ದಿದ್ದರು. ಕಬ್ಬಿನ ಗಾಡಿಯವನೊಬ್ಬ ನೋಡಿದ್ದರಿಂದ ಉಳಿದುಕೊಂಡರು.

"ಇನ್ನೊಂದ್ಸಲ ಹಿಂಗಾಗಿ ಯಾರೂ ನೋಡ್ದೇ ಇದ್ರೆ ಜೀವಕ್ಕೇ ಬರುತ್ತೆ," ಎಂದು ಡಾಕ್ಟರು ನೇರವಾಗಿ ಹೇಳಿದ್ದರು. "ಜೇಬಲ್ಲಿ ಸಕ್ಕರೆ ಇರಲೇಬೇಕು. ಅಮ್ಮಾ, ಅವರು ಹೊರಗಡೆ ಹೋದ್ರೆ ನೀವು ಆಗಾಗ ಫೋನ್ ಮಾಡಿ ವಿಚಾರಿಸ್ತಿರಿ. ಮಾತು ತೊದಲಿದ್ರೆ, ಏನೇನೋ ಮಾತಾಡಿದ್ರೆ, ಮೊದಲು ಸಕ್ಕರೆ ತಿನ್ನಿಸಿ. ಆಮೇಲೆ ಮಿಕ್ಕಿದ್ದು."

ಅಂದಿನಿಂದ ಗುರುಮಲ್ಲಮ್ಮ ಗಂಡನ ಅಂಗಿ ಜೇಬಿಗೆ ದಿನಾ ಒಂದು ಸಕ್ಕರೆ ಪೊಟ್ಟಣ ತುರುಕುತ್ತಿದ್ದಳು. ಎರಡನೇ ಗುಂಡಿಯನ್ನು ಒತ್ತಿ ಒತ್ತಿ ಅದರ ಮೇಲಿನ ಅಂಕಿ ಅಳಿಸಿಹೋಗಿತ್ತು. ಬಾನಿಗೆ ಬಿದ್ದದ್ದು ಬರೀ ಫೋನಲ್ಲ, ಅವಳ ಧೈರ್ಯ.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರ ಬಸವಕುಮಾರ್ ಎಂಬವನ ಮೊಬೈಲ್ ಅಂಗಡಿ. ತಾಯಿ ಮಗಳು ಒಳಗೆ ಕಾಲಿಟ್ಟಿದ್ದೇ ತಡ, ಹಿಂದುಗಡೆ ಒಲೆಯ ಬರ್ನರಿನ ಹಾಗೆ ಕ್ಯಾಮೆರಾಗಳಿದ್ದ ದೊಡ್ಡ ಫೋನೊಂದನ್ನು ಅವನು ಮುಂದೆ ಹಿಡಿದ.

"ಇದ್ರಲ್ಲಿ ಚಂದ್ರನ ಫೋಟೋನೂ ತೆಗೀಬೋದು ಮೇಡಂ."

"ನಮ್ಮವ್ವುಂಗೆ ಚಂದ್ರ ಅಂಗಳದಲ್ಲೇ ಕಾಣ್ತಾನೆ ಬುಡಿ," ಎಂದಳು ದೀಪಶ್ರೀ. "ಬ್ಯಾಟ್ರಿ ಎರಡು ದಿನ ಬರ್ಬೇಕು, ಸದ್ದು ಜೋರಾಗಿರ್ಬೇಕು, ಕೆಟ್ರೆ ಕೊಳ್ಳೇಗಾಲದಲ್ಲೇ ರಿಪೇರಿ ಆಗ್ಬೇಕು. ಅಂತಾದ್ ಇದ್ರೆ ತೋರ್ಸಿ."

ಅವನು ಒಂದೊಂದಾಗಿ ತೋರಿಸಿದ. ದೀಪಶ್ರೀ ಒಂದೊಂದರಲ್ಲೂ ಹಾಡು ಹಚ್ಚಿ ಕೇಳಿದಳು, ಕೈಯಲ್ಲಿ ತೂಗಿ ನೋಡಿದಳು, ಅವ್ವನ ಕೈಗೂ ಕೊಟ್ಟಳು. ಗುರುಮಲ್ಲಮ್ಮ ಪ್ರತಿಯೊಂದನ್ನೂ ಹಿಂದೆ ಮುಂದೆ ತಿರುಗಿಸಿ ಒಂದೇ ಪ್ರಶ್ನೆ ಕೇಳಿದಳು: "ಇದ್ರ ಗುಂಡಿ ಎಲ್ಲಿ ಮಡಗವ್ರೆ?"

ಕೊನೆಗೂ ಒಂದನ್ನು ಆರಿಸಿದ್ದಾಯಿತು. ಡಬ್ಬದ ಸೀಲು ಕಣ್ಣೆದುರೇ ಒಡೆಸಿ, ಬಿಲ್ಲು ಬರೆಸಿಕೊಂಡು, ದೀಪಶ್ರೀ ಅಲ್ಲೇ ಬೆಂಚಿನ ಮೇಲೆ ಅವ್ವನನ್ನು ಕೂರಿಸಿಕೊಂಡಳು. ಭಾಷೆ ಕನ್ನಡವಾಯಿತು. ಚಿತ್ರಗಳು ದೊಡ್ಡದಾದವು. ಫೋನು ಒಂದರ ಹಿಂದೊಂದು ಏನೋ ಕೇಳುತ್ತಲೇ ಇತ್ತು, ಮಗಳು ಕೆಲವಕ್ಕೆ ಹೂಂ, ಕೆಲವಕ್ಕೆ ಬೇಡ ಎಂದು ಒತ್ತುತ್ತಲೇ ಇದ್ದಳು.

"ಏನವ್ವ ಅದು ಕೇಳ್ತಿರದು?"

"ಟಾರ್ಚ್‌ದು ಅವ್ವ. ನಿನ್ನ ಫೋನಲ್ಲಿರೋ ನಂಬರೆಲ್ಲ ನೋಡ್ಲಾ ಅಂತ ಕೇಳ್ತದೆ. ಬ್ಯಾಡ ಅಂದೆ."

ಗುರುಮಲ್ಲಮ್ಮನಿಗೆ ತಲೆಬುಡ ಗೊತ್ತಾಗಲಿಲ್ಲ. ದೀಪ ಹಚ್ಚುವುದಕ್ಕೆ ನೆಂಟರಿಷ್ಟರ ವಿಚಾರ ಯಾಕೆ? ಇನ್ನೂ ಮನೆಗೆ ಬಂದಿಲ್ಲ, ಆಗಲೇ ಕೆದಕಿ ಕೆದಕಿ ಕೇಳುವ ಈ ವಸ್ತುವನ್ನು ಒಳಗೆ ಬಿಟ್ಟುಕೊಳ್ಳುವುದು ಸರಿಯೇ ಎಂದು ಅವಳಿಗೆ ಅನುಮಾನ ಬಂತು. ಬೀಗಕ್ಕೆ ಒಂದು ಗೀಟು ಬೇಕೆಂದಾಗ ಮಾತ್ರ ಅವಳ ಬೆರಳು ತಡವರಿಸಲಿಲ್ಲ. ಒಂಬತ್ತು ಚುಕ್ಕಿಗಳ ಮೇಲೆ ವಿಭೂತಿ ಧರಿಸಿದ ಹಾಗೆ ಮೂರು ಅಡ್ಡಗೀಟು ಎಳೆದಳು, ಕೈ ಎತ್ತದೆ.

"ಯಾರು ಕೇಳಿದ್ರೂ ಈ ಗೀಟು ತೋರ್ಸ್ಬ್ಯಾಡ. ಯಾರಾದ್ರೂ ಫೋನ್ ಮಾಡಿ ಬ್ಯಾಂಕಿನವ್ರು ಅಂದ್ರೆ ಮಾತೇ ಆಡ್ಬ್ಯಾಡ, ಮಡಗ್ಬುಡು," ಎಂದಳು ಮಗಳು. ಆಮೇಲೆ ಅಪ್ಪನ ಫೋಟೋವೊಂದನ್ನು ಪರದೆಯ ನಡುವೆ ಇಟ್ಟು, "ಅಪ್ಪನ ಮುಖ ಮುಟ್ಟಿದ್ರೆ ಅಪ್ಪುಂಗೆ ಓಯ್ತದೆ. ಅಷ್ಟೇಯ," ಎಂದಳು.

ಅಷ್ಟೇ ಆಗಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಹಳೆಯ ಅಭ್ಯಾಸ ಎಲ್ಲಿ ಹೋಗುತ್ತದೆ? ಮನೆಗೆ ಬಂದ ಮಾರನೆಯ ದಿನವೇ ಗುರುಮಲ್ಲಮ್ಮ ಗಂಡನ ಮುಖವನ್ನು ಮುಟ್ಟಲಿಲ್ಲ, ಗುಂಡಿಯಂತೆ ಒತ್ತಿ ಹಿಡಿದಳು. ಮುಖ ನಡುಗಿತು, ಬೆರಳಿಗೆ ಅಂಟಿಕೊಂಡು ಮೇಲಕ್ಕೆ ಜಾರಿತು. ಅಲ್ಲಿ ಏನೋ ಬರೆದಿತ್ತು. ಆ ಬರಹದ ಹತ್ತಿರ ಹೋಗಿದ್ದೇ ಮುಖ ಸಣ್ಣದಾಗಿ, ಮಾಯವಾಯಿತು.

ಮುತ್ತೈದೆ, ತನ್ನ ಕೈಯಾರೆ ಗಂಡನ ಮುಖ ಅಳಿಸಿದ್ದಳು. ದೇವರ ಮನೆಗೆ ಹೋಗಿ ತುಪ್ಪದ ದೀಪ ಹಚ್ಚಿ, ಕೆನ್ನೆ ಕೆನ್ನೆ ಬಡಿದುಕೊಂಡಳು. ಗಂಡ ಗದ್ದೆಯಿಂದ ಸೈಕಲ್ ತಳ್ಳಿಕೊಂಡು ಬರುವವರೆಗೆ ಜಗಲಿ ಬಿಟ್ಟು ಕದಲಲಿಲ್ಲ.

ಭಾನುವಾರ ಬಂದ ದೀಪಶ್ರೀ ಬಿದ್ದು ಬಿದ್ದು ನಕ್ಕಳು. "ಅದು ಬರೀ ಚಿತ್ರ ಕಣವ್ವ. ಇನ್ನೊಂದ್ ಆಕ್ತೀನಿ ಬುಡು."

"ಬ್ಯಾಡ. ಅವ್ರ ಮಕ ಇನ್ನೊಂದ್ಸಲ ನನ್ ಕೈಯಿಂದ ಅಳ್ಸೋಗದು ಬ್ಯಾಡ. ಆಕ್ಬ್ಯಾಡ ಅಂದ್ರೆ ಆಕ್ಬ್ಯಾಡ."

ತಾಯಿಯ ದನಿ ಕೇಳಿ ಮಗಳು ನಗು ನುಂಗಿಕೊಂಡಳು. ಇನ್ನೊಂದು ದಾರಿ ಇತ್ತು. ಪರದೆಯ ಕೆಳಗೆ ಮೈಕಿನ ಚಿತ್ರ. ಅದನ್ನು ಮುಟ್ಟಿ 'ದೀಪಶ್ರೀಗೆ ಫೋನ್ ಮಾಡು' ಎಂದರೆ, ಒಳಗಿನಿಂದ ಒಬ್ಬಳು ಹೆಣ್ಣಿನ ದನಿಯಲ್ಲಿ 'ಸರಿ' ಎಂದು ಫೋನ್ ಮಾಡುತ್ತಾಳೆ. ಗುರುಮಲ್ಲಮ್ಮ ಮಗಳ ಹೆಸರು ಹೇಳಿದಳು, ಮಗಳ ಚೀಲದಲ್ಲಿ ಫೋನು ಕುಣಿಯಿತು. ಪಕ್ಕದ ಮನೆಯ ಚಿಕ್ಕನಿಂಗಮ್ಮನ ಹೆಸರು ಹೇಳಿದಳು, ಗೋಡೆಯಾಚೆ ಹಾಡು ಕೇಳಿಸಿತು. ಗುರುಮಲ್ಲಮ್ಮನಿಗೆ ಮೊದಲ ಸಲ ಆ ಫೋನಿನ ಮೇಲೆ ಪ್ರೀತಿ ಬಂತು.

"ಈಗ ಅಪ್ಪುಂಗೆ ಮಾಡು."

ಗುರುಮಲ್ಲಮ್ಮ ಮಗಳ ಮುಖ ನೋಡಿದಳು. ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಗಂಡನ ಮುಖ ನೋಡಿದಳು. ತಲೆ ತಗ್ಗಿಸಿದಳು.

ಅವಳ ಬಾಯಿಗೆ ಬಾರದ ಹೆಸರನ್ನು ನಾವಾದರೂ ಹೇಳಿಬಿಡೋಣ. ಮಾದಸ್ವಾಮಿ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಹಿರಿಯರು ಹೇಳಿದ್ದರು. ಅಂದಿನಿಂದ ಆ ಹೆಸರು ಅವಳ ನಾಲಿಗೆಯನ್ನು ದಾಟಿಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನೆಂದರೆ ಪಕ್ಕದಲ್ಲಿ ನಿಂತವರ ಕಡೆ ತಿರುಗಿ ನಗುತ್ತಾಳೆ, ಅವರು ಹೇಳುತ್ತಾರೆ. ಅಷ್ಟೇ ಅಲ್ಲ, ಆ ಸೀಮೆಗೆಲ್ಲ ದೊಡ್ಡ ದೇವರಾದ ಮಾದಪ್ಪನ ಹೆಸರನ್ನೂ ಅವಳು ಹೇಳುವಂತಿಲ್ಲ. ಬೆಟ್ಟದ ಮೇಲೆ ಎಲ್ಲರೂ ಗಂಟಲು ಹರಿಯುವ ಹಾಗೆ ಉಘೇ ಎಂದು ಕೂಗಿ ದೇವರ ಹೆಸರು ಸೇರಿಸಿದರೆ, ಇವಳು ಉಘೇ ಎಂದು ಅಲ್ಲಿಗೇ ನಿಲ್ಲಿಸುತ್ತಾಳೆ. ಮಿಕ್ಕದ್ದನ್ನು ದೇವರೇ ಅರ್ಥ ಮಾಡಿಕೊಳ್ಳಬೇಕು.

"ಅವ್ವ, ಇದು ಮಿಷನ್ನು. ಮನುಷ್ರಲ್ಲ," ಎಂದಳು ದೀಪಶ್ರೀ. ಅವಳು ತನ್ನ ಗಂಡನನ್ನು ದಿನಕ್ಕೆ ನೂರು ಸಲ ಹೆಸರು ಹಿಡಿದು ಕೂಗುವವಳು.

"ಮಿಷನ್ನಾದ್ರೂ ಏಳದು ನನ್ ಬಾಯಲ್ವಾ?"

"ಬುಡವ್ವ ಅವಳ್ನ," ಎಂದರು ಮಾದಸ್ವಾಮಿಯವರು. ಅವರ ಮುಖದಲ್ಲಿ ಸಣ್ಣ ಹೆಮ್ಮೆಯಿತ್ತು, ಅದನ್ನು ಎಲೆಯಡಿಕೆ ಜೊತೆ ಅಗಿದುಬಿಟ್ಟರು.

ದೀಪಶ್ರೀ ಸೋಲಲಿಲ್ಲ. ಅಪ್ಪನ ನಂಬರಿಗೆ 'ಯಜಮಾನ್ರು' ಎಂದು ಹೆಸರು ಹಾಕಿಕೊಟ್ಟಳು. ಗುರುಮಲ್ಲಮ್ಮ ನಾಚಿಕೊಂಡೇ "ಯಜಮಾನ್ರುಗೆ ಫೋನ್ ಮಾಡು" ಎಂದಳು. ಫೋನು ಸ್ವಲ್ಪ ಯೋಚಿಸಿ ಹನೂರಿನ ಯಜಮಾನ್ ಹಾರ್ಡ್‌ವೇರಿಗೆ ಮಾಡಿತು. "ಸಿಮೆಂಟ್ ಎಷ್ಟ್ ಮೂಟೆ ಬೇಕು ಏಳಿ ಸಾ," ಎಂದಿತು ಆ ಕಡೆಯ ಗಂಡಸಿನ ದನಿ. ಗುರುಮಲ್ಲಮ್ಮ ಸೆರಗು ತಲೆಗೆಳೆದುಕೊಂಡು ಫೋನನ್ನು ಚಾಪೆಯ ಮೇಲೆ ಎಸೆದಳು. ಮೂರು ಸಲ ಮಾಡಿದರೂ ಅದು ಹನೂರಿಗೇ ಹೋಯಿತು. ಕೊನೆಗೆ ದೀಪಶ್ರೀಯೇ ಬೇಸತ್ತು ಅಪ್ಪನ ಹೆಸರನ್ನು ಇದ್ದ ಹಾಗೆ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಆಮೇಲೆ ಗುರುಮಲ್ಲಮ್ಮ ತನ್ನದೇ ಉಪಾಯ ಕಂಡುಕೊಂಡಳು. ತನ್ನ ಬಾಯಿಗೆ ಬಾರದ್ದು ಬೇರೆಯವರ ಬಾಯಿಗೆ ಬರುತ್ತದಲ್ಲ. ಗಂಡ ಹೊಲಕ್ಕೆ ಹೋದ ಸ್ವಲ್ಪ ಹೊತ್ತಿಗೆ ಫೋನು ಹಿಡಿದು ಪಕ್ಕದ ಮನೆಗೆ ಹೋಗುವಳು, ಮೈಕಿನ ಚಿತ್ರ ಮುಟ್ಟಿ ಚಿಕ್ಕನಿಂಗಮ್ಮನ ಬಾಯಿಯ ಮುಂದೆ ಹಿಡಿಯುವಳು.

"ಮಾದಸ್ವಾಮಣ್ಣುಂಗೆ ಫೋನ್ ಮಾಡವ್ವ," ಎಂದು ಚಿಕ್ಕನಿಂಗಮ್ಮ ಪಾತ್ರೆ ಉಜ್ಜುತ್ತಲೇ ಕೂಗುವಳು.

'ಮಾದಸ್ವಾಮಿಗೆ ಕರೆ ಮಾಡಲಾಗುತ್ತಿದೆ' ಎನ್ನುವಳು ಒಳಗಿನವಳು.

ಗುರುಮಲ್ಲಮ್ಮನಿಗೆ ಆ ಹೆಂಗಸಿನ ಮೇಲೆ ಒಳಗೊಳಗೇ ಸಿಟ್ಟು. ಊರಿನ ದೊಡ್ಡ ಮನುಷ್ಯರಿಗೆ 'ಅವರು' ಎಂದು ಸೇರಿಸಲೂ ಬಾರದ ಇವಳು ಯಾವ ಸೀಮೆಯವಳು? ಎಷ್ಟು ಸಲೀಸಾಗಿ ಹೇಳುತ್ತಾಳೆ! ಇವಳು ಹೇಳಿದರೆ ಆಯಸ್ಸಿಗೆ ಏನೂ ಆಗುವುದಿಲ್ಲವೇ? ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಚಿಕ್ಕನಿಂಗಮ್ಮ ಇಲ್ಲದಿದ್ದರೆ ಹಾಲು ಹಾಕಲು ಹೊರಟವರು, ಅವರೂ ಇಲ್ಲದಿದ್ದರೆ ಬಸ್ಸಿಗೆ ಕಾಯುತ್ತಿದ್ದ ಟೀಚರಮ್ಮ, ಹೀಗೆ ಯಾರಾದರೊಬ್ಬರು ಸಿಕ್ಕೇ ಸಿಗುತ್ತಿದ್ದರು. ಊರವರಿಗೂ ಇದು ಅಭ್ಯಾಸವಾಗಿ, ಅವಳು ಫೋನು ಹಿಡಿದು ಬೀದಿಗೆ ಬಂದರೆ ಕೇಳುವ ಮೊದಲೇ ಹೆಸರು ಕೂಗಿ ಮುಂದೆ ಹೋಗುತ್ತಿದ್ದರು.

ಚಿಕ್ಕನಿಂಗಮ್ಮನ ತಂಗಿಯ ಮಗಳಿಗೆ ಹನೂರಿನಲ್ಲಿ ಮದುವೆ ಗೊತ್ತಾಯಿತು. ಮದುವೆಯ ದಿನ ಬೆಳಿಗ್ಗೆಯೇ ಎರಡು ಟೆಂಪೋ ಬಂದು ಇಡೀ ಬೀದಿಯನ್ನು ಹೇರಿಕೊಂಡು ಹೋದವು. ಗುರುಮಲ್ಲಮ್ಮ ಎಮ್ಮೆ ಇದೆಯೆಂದು ಉಳಿದಳು. ಕೊಟ್ಟಿಗೆ ಗುಡಿಸಿ ಒಳಗೆ ಬಂದರೆ ಗಂಡ ಇಲ್ಲ. ಪೂಜೆಯ ಮಣೆ ಹಾಕಿದ ಹಾಗೇ ಇತ್ತು, ವಿಭೂತಿಗಟ್ಟಿ ಒದ್ದೆಯಾಗಿರಲಿಲ್ಲ. ತಟ್ಟೆಯಲ್ಲಿ ಮುಚ್ಚಿಟ್ಟ ಇಡ್ಲಿಗಳು ಇದ್ದ ಹಾಗೇ ಇದ್ದವು. ಗೂಡಿನಲ್ಲಿದ್ದ ಮಾತ್ರೆ ಮಾತ್ರ ಹರಿದ ಕಾಗದವಾಗಿತ್ತು. ಮೀಟರ್ ಬೋರ್ಡಿನ ಕೆಂಪು ದೀಪ ಉರಿಯುತ್ತಿತ್ತು. ಕರೆಂಟು ಬಂದಿತ್ತು.

ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಕಾದಳು. ಬಿಸಿಲು ಜಗಲಿಯಿಂದ ಅಂಗಳಕ್ಕಿಳಿಯಿತು. ಬರಲಿಲ್ಲ. ಹೋಗಿ ನೋಡೋಣವೆಂದರೆ ಎಲ್ಲಿಗೆಂದು ಹೋಗುವುದು? ಒಂದು ಮೋಟರು ಹೊಳೆದಂಡೆಯ ಗದ್ದೆಯಲ್ಲಿ, ಇನ್ನೊಂದು ಊರಿನ ಆಚೆ ತುದಿಗೆ, ಕೆರೆಯ ಹಿಂದಿನ ಹಿಪ್ಪುನೇರಳೆ ತೋಟದಲ್ಲಿ. ಒಂದು ಕಡೆ ಹೋಗಿ ಅಲ್ಲಿಲ್ಲವೆಂದರೆ ಇನ್ನೊಂದು ಕಡೆ ಮುಟ್ಟುವ ಹೊತ್ತಿಗೆ ಏನೂ ಆಗಬಹುದು.

ವಿಭೂತಿ ಗೀಟೆಳೆದು ಫೋನು ತೆರೆದಳು. ಮಗಳಿಗೆ ಮಾಡಿಸಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿಸಿದಳು, ಎತ್ತಲಿಲ್ಲ. ಆಫೀಸಿನಲ್ಲಿ ಮೀಟಿಂಗಿರಬೇಕು. ಚಿಕ್ಕನಿಂಗಮ್ಮನಿಗೆ ಮಾಡಿಸಿದಳು. ಹಾಡು ಗೋಡೆಯಾಚೆಯಿಂದಲೇ ಬಂತು. ಪುಣ್ಯಾತ್ಗಿತ್ತಿ ಫೋನನ್ನು ಮನೆಯೊಳಗೇ ಬಿಟ್ಟು ಬೀಗ ಹಾಕಿಕೊಂಡು ಹೋಗಿದ್ದಳು. ಬೀದಿಗೆ ಓಡಿ ಬಂದಳು. ಈ ತುದಿಯಿಂದ ಆ ತುದಿಯವರೆಗೆ ಬೀಗಗಳೇ. ಒಂದು ಕೋಳಿ ಬೀದಿಯ ನಡುವೆ ನಿಂತು ಅವಳನ್ನು ನೋಡುತ್ತಿತ್ತು.

ಹೆಸರು ಹೇಳಿದರೆ ಆಯಸ್ಸು ಕಡಿಮೆ. ಹೇಳದಿದ್ದರೆ ಇವತ್ತಿಗೇ ಮುಗಿದುಹೋಗಬಹುದು. ಯಾವ ಹಿರಿಯರೂ ಇಂಥ ಹೊತ್ತಿಗೆ ಏನು ಮಾಡಬೇಕೆಂದು ಹೇಳಿ ಹೋಗಿರಲಿಲ್ಲ. ಗುರುಮಲ್ಲಮ್ಮನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಯಾರ ಮೇಲೆಂದು ಗೊತ್ತಾಗದ ಸಿಟ್ಟೂ ಬಂತು. ಮೈಕನ್ನು ಮುಟ್ಟಿ, ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡು, ಉಸಿರಿನಲ್ಲಿ ಅಂದಳು: "ಮಾದಸ್ವಾಮಿ."

'ಕ್ಷಮಿಸಿ, ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ.'

"ಅಯ್ಯೋ ನಿನ್ ಮನೆ ಕಾಯ್ವೋಗ! ಮಾದಸ್ವಾಮಿ ಕಣೇ! ಮಾದಸ್ವಾಮಿಗೆ ಮಾಡು!"

ಖಾಲಿ ಬೀದಿಯಲ್ಲಿ ಹೆಸರು ಮೊಳಗಿತು. ಕೋಳಿ ಹೆದರಿ ಓಡಿತು. ಫೋನು ರಿಂಗಾಯಿತು, ಬಹಳ ಹೊತ್ತು ರಿಂಗಾಯಿತು, ಆಮೇಲೆ ಆ ಕಡೆ ಉಸಿರಾಡುವ ಸದ್ದು ಕೇಳಿತು.

"ಅಲೋ... ಯಾರು?"

"ನಾನು ಕಣ್ರೀ! ಎಲ್ಲಿದ್ದರಿ?"

"ಯಾವ ನಾನು? ಗಾಡಿ ತಗೀರಿ ಅತ್ತಗೆ... ಎಮ್ಮೆ ಮರದ್ ಮ್ಯಾಲೆ ಅದೆ..." ನಾಲಿಗೆ ದಪ್ಪಗಾದವರ ಮಾತಿನಂತಿತ್ತು.

ಡಾಕ್ಟರು ಹೇಳಿದ ತೊದಲು ಇದೇ ಎಂದು ಅವಳಿಗೆ ಗೊತ್ತಾಯಿತು. "ಜೇಬ್ನಲ್ಲಿ ಸಕ್ಕರೆ ಅದೆ ಕಣ್ರೀ. ತಗುದು ಬಾಯ್ಗಾಕ್ಕಳಿ. ನಾನು ಏಳ್ತಿರದು ಕೇಳ್ಸ್ತಾ?"

"ನೀವ್ಯಾರು ನಂಗೇಳಕ್ಕೆ? ಮಡಗಿ ಫೋನ್ನ."

ಅವರು ಅವಳ ದನಿಯನ್ನೇ ಗುರುತಿಸುತ್ತಿಲ್ಲ. ಏನ್ರೀ, ಕಣ್ರೀ ಎಂದರೆ ಅದು ಯಾರೋ ಬೀದಿಯವರ ಮಾತು ಅವರಿಗೆ. ಫೋನು ಇಟ್ಟುಬಿಟ್ಟರೆ ಮತ್ತೆ ಎತ್ತುವುದಿಲ್ಲ. ಗುರುಮಲ್ಲಮ್ಮ ಏನು ಮಾಡುತ್ತಿದ್ದೇನೆಂದು ಯೋಚಿಸಲಿಲ್ಲ. ಗದರಿಸಿದಳು.

"ಲೋ ಮಾದಸ್ವಾಮಿ! ಜೇಬಿಗೆ ಕೈ ಆಕೋ!"

ಆ ಕಡೆ ಬಟ್ಟೆ ಸರಬರ ಅಂದಿತು.

"ಮಾದಸ್ವಾಮಿ! ಕೈ ಆಕ್ದಾ ಇಲ್ವಾ?"

"ಊಂ," ಎಂದಿತು ದನಿ, ಸಣ್ಣಗೆ. "ಆಕ್ದೆ ಕಣವ್ವಾ."

ಆ ಮನುಷ್ಯನನ್ನು ಹಾಗೆ ಏಕವಚನದಲ್ಲಿ ಹೆಸರು ಹಿಡಿದು ಕೂಗಿದವಳು ಲೋಕದಲ್ಲಿ ಒಬ್ಬಳೇ, ಅವರನ್ನು ಹೆತ್ತವಳು. ಅವಳು ಮಣ್ಣಾಗಿ ಎಷ್ಟೋ ವರ್ಷವಾಗಿತ್ತು.

"ಪೊಟ್ನ ಸಿಕ್ತಾ ಮಾದಸ್ವಾಮಿ? ಬಿಚ್ಚು. ಬಾಯ್ಗುಯ್ಕೊ. ಉಗೀಬ್ಯಾಡ, ಚಪ್ಪರ್ಸಿ ನುಂಗು."

"ಸ್ಯಾನೆ ಸೀ ಅವ್ವ."

"ಸೀಯಾದ್ರೂ ತಿನ್ನು, ನನ್ನಪ್ಪ. ಎಲ್ಲಿ ಕೂತಿದ್ದೀಯ?"

"ಒಳೇ ತಾವು ಅವ್ವ. ಮೋಟ್ರು ಮನೆ ಇಂದ್ಗಡೆ."

ಗುರುಮಲ್ಲಮ್ಮ ಒಂದು ಚೊಂಬು ನೀರಿಗೆ ಬೆಲ್ಲದ ಉಂಡೆಯನ್ನು ಹಾಕಿಕೊಂಡು ಹೊಳೆಯ ದಾರಿಗೆ ಬಿದ್ದಳು. ಚಪ್ಪಲಿ ಮೆಟ್ಟಲಿಲ್ಲ, ಬಾಗಿಲು ಹಾಕಲಿಲ್ಲ. ಫೋನು ಕಿವಿಯಲ್ಲೇ ಇತ್ತು. ಆ ಕಡೆ ಮಾತು ನಿಂತಾಗಲೆಲ್ಲ "ಮಾದಸ್ವಾಮೀ" ಎಂದು ಕೂಗಿ ಎಬ್ಬಿಸುತ್ತಿದ್ದಳು. ಒಂದೊಂದು ಸಲ ಕೂಗಿದಾಗಲೂ ಗಂಡನ ಆಯಸ್ಸನ್ನು ಹಿಡಿ ಹಿಡಿಯಾಗಿ ಕಿತ್ತು ಹೊಳೆಗೆ ಎಸೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ನಿಲ್ಲಿಸಲು ಹೆದರಿಕೆಯಾಗುತ್ತಿತ್ತು.

ಮಾದಸ್ವಾಮಿಯವರು ಮೋಟರು ಮನೆಯ ಗೋಡೆಗೆ ಒರಗಿ ಕೂತಿದ್ದರು. ಅಂಗಿ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ಮೀಸೆಯ ತುಂಬ ಸಕ್ಕರೆ. ಫೋನು ಎರಡೂ ಕೈಯಲ್ಲಿ ಹಿಡಿದು, ಏನೋ ಕಾಯುವವರ ಹಾಗೆ ನೋಡುತ್ತಿದ್ದರು. ಅವಳು ಪಕ್ಕದಲ್ಲಿ ಕುಕ್ಕರಿಸಿ, ಚೊಂಬನ್ನು ಬಾಯಿಗೆ ಹಿಡಿದು, ಗುಟುಕು ಗುಟುಕಾಗಿ ಬೆಲ್ಲದ ನೀರು ಕುಡಿಸಿದಳು. ಸೆರಗಿನಿಂದ ಹಣೆ ಒರೆಸಿದಳು. ಕಾಲುವೆಯಲ್ಲಿ ನೀರು ಹರಿಯುತ್ತಿತ್ತು, ಯಾರೂ ತಿರುಗಿಸದೆ ಒಂದೇ ಮಡಿ ತುಂಬಿ ತುಳುಕುತ್ತಿತ್ತು.

ಬೆವರು ಆರಿತು. ಕಣ್ಣುಗಳು ಒಂದೆಡೆ ನೆಟ್ಟು, ಅವಳ ಮುಖವನ್ನು ನಿಧಾನವಾಗಿ ಗುರುತಿಸಿದವು.

"ನೀನ್ಯಾವಾಗ ಬಂದ್ಯೇ?"

"ಈಗ್ಲೇಯ."

"ಚಪ್ಲಿ ಎಲ್ಲಿ?"

ಅವಳು ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಅವರು ಕೈಯಲ್ಲಿದ್ದ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೇಳಲೋ ಬೇಡವೋ ಎಂದು ಹಿಂಜರಿದರು.

"ನೀನ್ ನಗ್ಬ್ಯಾಡ. ನಮ್ಮವ್ವ ಪೋನ್ ಮಾಡಿದ್ಳು ಕಣೇ."

ಗು‍ರುಮಲ್ಲಮ್ಮ ಚೊಂಬನ್ನು ನೆಲಕ್ಕಿಟ್ಟಳು.

"ದಿಟವಾಗ್ಲೂ. ಎಸ್ರಿಡ್ದು ಕೂಗಿದ್ಳು. ಬೈದ್ಲು. ಸಕ್ಕರೆ ತಿನ್ನು ಅಂದ್ಲು." ಅವರು ಫೋನನ್ನು ಇನ್ನೊಮ್ಮೆ ಕಿವಿಗೆ ಹಿಡಿದು ನೋಡಿದರು. "ಸತ್ತೋದವ್ಳು ಎಂಗ್ ಮಾಡ್ತಾಳೆ? ನಂಗೇನೂ ಅರ್ತ ಆಯ್ತಿಲ್ಲ. ಆದ್ರೆ ಅವಳೇಯ. ಎಸ್ರಿಡ್ದು ಇನ್ಯಾರ್ ಕೂಗ್ತಾರೆ ನನ್ನ?"

ಗುರುಮಲ್ಲಮ್ಮನಿಗೆ ಬೆಳಗಿನಿಂದ ತಡೆದುಕೊಂಡಿದ್ದ ಅಳು ನುಗ್ಗಿ ಬಂತು. ಅಳುತ್ತಲೇ ಅವರ ಮೀಸೆಯ ಸಕ್ಕರೆಯನ್ನು ಬೆರಳಿನಿಂದ ಉದುರಿಸಿದಳು.

"ಊಂ ಕಣ್ರೀ," ಎಂದಳು. "ಅತ್ತೇನೇಯ ಮಾಡಿದ್ದು."

ಹೆತ್ತ ತಾಯಿ ಹೆಸರು ಹಿಡಿದು ಕೂಗಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.